ಒಂದು ‘ಗೆ’ ಬಿಟ್ಟುಹೋಗಿ

ಇಷ್ಟೆಲ್ಲ ರಾದ್ಧಾಂತಕ್ಕೂ ಕಾರಣ ಒಂದೇ ಒಂದು ಅಕ್ಷರ: ‘ಗೆ’. ಕಂಡವರ ಬರಹದಲ್ಲಿ ಬಿಟ್ಟುಹೋದ ಅಕ್ಷರವನ್ನು ಹುಡುಕಿ ಹುಡುಕಿ ಕೆಂಪು ಶಾಯಿಯಲ್ಲಿ ಕುಕ್ಕುವುದೇ ಉದ್ಯೋಗವಾಗಿದ್ದ ಮನುಷ್ಯನಿಗೆ ತನ್ನ ಬಾಯಿಂದ ಜಾರಿಹೋದ ಅಕ್ಷರ ಮಾತ್ರ ಕಾಣಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ.

ಅವರು ಅಚ್ಚುಕೂಟವೊಂದರಲ್ಲಿ ಕರಡು ತಿದ್ದುವವರು. ಬೀದಿಯಲ್ಲಿ ಎಲ್ಲರೂ ಅವರನ್ನು ಮುಳ್ಳುರಾಯರು ಎಂದು ಕರೆಯುತ್ತಿದ್ದರು. ಗಡಿಯಾರದ ಹುಚ್ಚಿನಿಂದ ಆ ಹೆಸರು ಬಂತೆಂದು ರಾಯರು ತಿಳಿದಿದ್ದರು. ನಾಲಿಗೆಯ ಮೊನೆಯಿಂದ ಬಂತೆಂದು ಉಳಿದವರೆಲ್ಲ ತಿಳಿದಿದ್ದರು. ಬೇರೆಯವರಿಗೆ ಕೋಪ ಬರುತ್ತದೆ, ರಾಯರಿಗೆ ಇರುತ್ತಿತ್ತು. ಬೂದಿಯ ಕೆಳಗಿನ ಕೆಂಡದ ಹಾಗೆ, ಯಾರಾದರೂ ಉಸಿರಾಡಿದರೂ ಸಾಕು, ಭುಗ್ಗೆನ್ನುತ್ತಿತ್ತು. ಅಂಗಡಿಯ ಫಲಕದಲ್ಲಿ ಒತ್ತಕ್ಷರ ತಪ್ಪಿದ್ದರೆ ಅಂಗಡಿಯವನ ಜೊತೆ ಜಗಳ. ನಲ್ಲಿಯಲ್ಲಿ ನೀರು ತಡವಾದರೆ ನಲ್ಲಿಯ ಜೊತೆಗೇ ಜಗಳ.

ಆ ಕೆಂಡ ಆರುತ್ತಿದ್ದ ಜಾಗ ಒಂದೇ. ಮಲಗುವ ಕೋಣೆಯ ಕಬ್ಬಿಣದ ಬೀರುವಿನ ಮೇಲಿನ ಖಾನೆಯಲ್ಲಿ, ನೀಲಿ ಮಖಮಲ್ಲಿನ ಮೇಲೆ, ಐದು ಹಳೆಯ ಚಿನ್ನದ ಕೈಗಡಿಯಾರಗಳಿದ್ದವು. ಬರೀ ಗಡಿಯಾರಗಳಲ್ಲ, ಕ್ರೋನೋಗ್ರಾಫ್‌ಗಳು. ಗಂಟೆ ನಿಮಿಷ ತೋರಿಸುವುದು ಸಾಲದೆಂದು ಅವುಗಳ ಪಕ್ಕೆಯಲ್ಲಿ ಎರಡು ಗುಂಡಿ. ಒಂದನ್ನು ಒತ್ತಿದರೆ ಕೂದಲಿನಷ್ಟು ತೆಳ್ಳನೆಯ ಮುಳ್ಳೊಂದು ಓಡತೊಡಗಿ ಕುದುರೆಯ ಓಟವನ್ನೋ ಕಾರಿನ ಓಟವನ್ನೋ ಅಳೆಯುತ್ತದೆ. ಮತ್ತೆ ಒತ್ತಿದರೆ ನಿಲ್ಲುತ್ತದೆ. ರಾಯರು ಯಾವತ್ತೂ ಒತ್ತಿರಲಿಲ್ಲ, ಸವೆದೀತೆಂಬ ಭಯ. ಕೈಗೂ ಕಟ್ಟಿರಲಿಲ್ಲ, ಬೆವರು ತಾಗೀತೆಂಬ ಭಯ. ದಿನಾ ಬೆಳಿಗ್ಗೆ ಬಿಳಿಯ ಕೈಗವುಸು ತೊಟ್ಟು, ಐದರಲ್ಲಿ ದೊಡ್ಡದನ್ನು, ಕೆಂಪು ಛಾಯೆಯ ಚಿನ್ನದ್ದನ್ನು, ಹೂವಿನಂತೆ ಎತ್ತಿ, ಕೀಲಿ ಕೊಟ್ಟು, ಕಿವಿಗೆ ಹಿಡಿದು, ಅದರ ಟಿಕಟಿಕವನ್ನು ಭಕ್ತರು ಮಂತ್ರ ಕೇಳುವಂತೆ ಕಣ್ಣುಮುಚ್ಚಿ ಕೇಳಿ, ಬೀಗ ಹಾಕುವರು. ಅಂಥವು ಲೋಕದಲ್ಲಿ ಬೆರಳೆಣಿಕೆಯಷ್ಟು ಉಳಿದಿವೆಯೆಂದು ಬಲ್ಲವರು ಹೇಳುತ್ತಿದ್ದರು.

ಇಂಥ ಆಸ್ತಿ ಮನೆಯಲ್ಲಿದೆಯೆಂದು ಗೊತ್ತಿರುವುದು ತಮಗೊಬ್ಬರಿಗೇ ಎಂದು ರಾಯರ ನಂಬಿಕೆ. ಹೆಂಡತಿ ನರ್ಸು. ರೋಗಿಗಳ ನಾಡಿ ಎಣಿಸುವುದಕ್ಕೆ ಒಳ್ಳೆಯ ಸೆಕೆಂಡು ಮುಳ್ಳಿನ ವಾಚು ಬೇಕು, ಐದರಲ್ಲಿ ಒಂದು ಕೊಡಿ ಎಂದು ಒಮ್ಮೆ ಕೇಳಿದ್ದಳು. “ಇವೆಲ್ಲ ಹಿತ್ತಾಳೆ ಕಣೇ, ಗುಜರಿಯಲ್ಲಿ ಸಿಕ್ಕಿದ್ದು. ನಿನ್ನಂಥವಳ ಕೈಗೆ ಹಿತ್ತಾಳೆಯಾ?” ಎಂದು ರಾಯರು ಅಕ್ಕರೆಯಿಂದಲೇ ಜಾರಿಕೊಂಡಿದ್ದರು. ಚಿನ್ನವೆಂದು ಗೊತ್ತಾದರೆ ಮಾರಿ ಅನ್ನುತ್ತಾಳೆ, ಮಾರದಿದ್ದರೆ ಹಾಕಿಕೊಳ್ಳುತ್ತಾಳೆ. ಎರಡೂ ಅವರಿಗೆ ಪ್ರಾಣ ಹೋದಂತೆಯೇ.

ಆ ದಿನ ಗವುಸಿಗೆ ಕೈ ತೂರಿಸುವುದರೊಳಗೆ ಅಚ್ಚುಕೂಟದ ಮ್ಯಾನೇಜರ ಫೋನು ಬಂತು. ಶಾಲೆಯ ಪಠ್ಯದಲ್ಲಿ ‘ಕವಿ’ ಇರಬೇಕಾದಲ್ಲೆಲ್ಲ ‘ಕಪಿ’ ಎಂದು ಅಚ್ಚಾಗಿಬಿಟ್ಟಿದೆ. ‘ಕಪಿಯು ಅರಣ್ಯವನ್ನು ಮನಮುಟ್ಟುವಂತೆ ಬಣ್ಣಿಸಿದ್ದಾನೆ.’ ಕೂಡಲೇ ಬರಬೇಕು.

“ನಾನು ತಿದ್ದಿಕೊಟ್ಟಾಗ ಕವಿಯೇ ಇದ್ದ! ಆಮೇಲೆ ಯಾರ ಕೈಗೆ ಸಿಕ್ಕಿ ಬಾಲ ಬಂತೋ!” ಎಂದು ಗುಡುಗುತ್ತ ರಾಯರು ಮೆಟ್ಟಿಲಿಳಿದರು. ಬೀದಿಗೆ ಬಂದ ಮೇಲೆ ದೊಡ್ಡ ವಾಚಿನ ನೆನಪಾಯಿತು. ಇವತ್ತು ಕೀಲಿ ಕೊಟ್ಟಿಲ್ಲ! ಸಂಜೆಯೊಳಗೆ ನಿಂತುಬಿಡುತ್ತದೆ!

ಅದೇ ಹೊತ್ತಿಗೆ ಕೆಳಗಿನ ಮನೆಯ ಡ್ರಿಲ್ ಮಾಸ್ತರು ಅಡ್ಡ ಬಂದರು. ಶಾಲೆಯಿಂದ ನಿವೃತ್ತರಾಗಿದ್ದರೂ ಕೊರಳ ಸೀಟಿ ನಿವೃತ್ತವಾಗಿರಲಿಲ್ಲ. “ರಾಯರೇ, ಇವತ್ತು ಮೈದಾನದಲ್ಲಿ ನಮ್ಮ ಬಡಾವಣೆಯ ಓಟದ ಸ್ಪರ್ಧೆ. ನನ್ನ ಸ್ಟಾಪ್‌ವಾಚು ಕೈಕೊಟ್ಟಿದೆ. ಗುಂಡಿ ಒತ್ತಿದ್ರೆ ಓಡೋ ವಾಚು ನಿಮ್ಮಲ್ಲಿದೆಯಂತೆ, ಒಂದು ದಿನದ ಮಟ್ಟಿಗೆ...” ಎಂದು ಕೈಯೊಡ್ಡಿದರು.

ರಾಯರ ಕಿವಿಗೆ ಅದು ಬೀಳಲೇ ಇಲ್ಲ. ಅವರ ಕಣ್ಣು ಮೇಲಿತ್ತು. ಮಹಡಿಯ ಕಟಕಟೆಗೆ ಒರಗಿ ಹೆಂಡತಿಯ ತಾಯಿ ನಿಂತಿದ್ದರು. ಮನೆಯ ಗೋಡೆ ಗಡಿಯಾರದ ಯೋಗಕ್ಷೇಮ ಅವರದೇ ಆದ್ದರಿಂದ ರಾಯರು ಹಿಂದೆಮುಂದೆ ನೋಡದೆ ಜೇಬಿನ ಕೀಲಿಗೊಂಚಲನ್ನು ಮೇಲಕ್ಕೆಸೆದು ಕೂಗಿದರು:

“ಅತ್ತೇ! ಬೀರು, ಮೇಲಿನ ಖಾನೆ! ದೊಡ್ಡ ವಾಚು! ಕೀಲಿ ಕೊಡಿ!”

ಕೂಗಿ ಬಸ್ಸಿನ ಹಿಂದೆ ಓಡಿದರು. ‘ವಾಚಿಗೆ’ ಅನ್ನಬೇಕಿತ್ತು, ‘ವಾಚು’ ಅಂದುಬಿಟ್ಟಿದ್ದರು. ಇದೇ ತಪ್ಪನ್ನು ಬೇರೊಬ್ಬರು ಮಾಡಿದ್ದರೆ ಪುಟದ ಅಂಚಿನಲ್ಲಿ ಅವರ ವಂಶವನ್ನೇ ಜಾಲಾಡುತ್ತಿದ್ದರು. ಅತ್ತೆಯವರು ಕೈಯಲ್ಲಿದ್ದ ಗೊಂಚಲನ್ನು ನೋಡಿದರು, ಕೆಳಗೆ ಕೈಯೊಡ್ಡಿ ನಿಂತಿದ್ದ ಮಾಸ್ತರನ್ನು ನೋಡಿದರು. ಅಳಿಯಂದಿರ ಮಾತಿನ ಅರ್ಥ ಹಗಲಿನಷ್ಟು ಸ್ಪಷ್ಟವಾಗಿತ್ತು.

ಅಚ್ಚುಕೂಟದಲ್ಲಿ ಒಂದು ರಾಶಿ ಕಪಿಗಳನ್ನು ಕವಿಗಳನ್ನಾಗಿ ಮಾಡಿ, ಕೆಂಪು ಪೆನ್ನು ಕೆಳಗಿಟ್ಟು, ರಾಯರು ಮನೆಗೆ ಫೋನು ಹಚ್ಚಿದರು.

“ಅತ್ತೆ, ಕೀಲಿ ಕೊಟ್ರಾ?”

“ಕೊಟ್ಟೆನಪ್ಪಾ. ನೀವು ಅತ್ತ ಹೋದಿರಿ, ನಾನು ಇತ್ತ ಕೊಟ್ಟೆ.”

“ಮೆತ್ತಗೆ ತಾನೇ? ಬಲವಂತ ಮಾಡಲಿಲ್ಲವಲ್ಲ?”

“ಅಯ್ಯೋ, ಬಲವಂತ ಎಲ್ಲಿ ಬಂತು? ಬೇಡ ಅನ್ನಲೇ ಇಲ್ಲ.”

ಅತ್ತೆಯವರ ಮಾತಿನ ಧಾಟಿಯೇ ಹಾಗೆ, ಕಲ್ಲನ್ನೂ ಮನುಷ್ಯರಂತೆ ಮಾತಾಡಿಸುವವರು. ರಾಯರಿಗೆ ಸಮಾಧಾನವಾಯಿತು. “ಓಡ್ತಾ ಇದೆ ತಾನೇ?”

“ಓಡಿದ್ದೇನು ಕೇಳ್ತೀರಿ! ಗೇಟು ದಾಟೋವರೆಗೂ ನಿಂತು ನೋಡಿದೆ. ಈ ವಯಸ್ಸಲ್ಲಿ ಅದೆಂಥ ಓಟ!”

ರಾಯರ ಬೆನ್ನುಹುರಿಯಲ್ಲಿ ಇರುವೆಯೊಂದು ಹರಿದಂತಾಯಿತು. “ಗೇಟು ದಾಟಿದ್ದು ಏನು ಅತ್ತೆ?”

“ಏನು ಅಂದ್ರೇನು? ಡ್ರಿಲ್ ಮಾಸ್ತರು! ಕೀಲಿ ಕೊಡಿ ಅಂತ ನೀವೇ ತಾನೇ ಹೇಳಿ ಹೋದದ್ದು? ಬೀರು ತೆಗೆದ್ರು, ದೊಡ್ಡ ವಾಚು ತಗೊಂಡ್ರು, ಮತ್ತೆ ಬೀಗ ಹಾಕಿ ಕೀಲಿ ನನ್ನ ಕೈಗೇ ಒಪ್ಪಿಸಿ ಹೋದ್ರು. ಬಹಳ ಮರ್ಯಾದಸ್ಥರು.”

“ಅತ್ತೇ!! ಕೀಲಿ ಕೊಡಿ ಅಂದ್ರೆ ಕೀಲಿ ಕೊಡೋದಾ?”

“ಮತ್ತಿನ್ನೇನು ಕೊಡ್ಲಿ? ಅದ್ಯಾಕಪ್ಪ ಹಾಗೆ ಅರಚ್ತೀರಿ, ಹಿತ್ತಾಳೆ ವಾಚಿಗೆ? ಅವೆಲ್ಲ ಹಿತ್ತಾಳೆ ಅಮ್ಮಾ, ಯಾರಾದ್ರೂ ಆಸೆಪಟ್ರೆ ಕೊಟ್ಬಿಡು ಅಂತ ನಿಮ್ಮ ಹೆಂಡ್ತೀನೇ ಹೇಳಿದ್ದಾಳೆ.”

ರಾಯರ ಕೈಯಿಂದ ಫೋನು ಜಾರಿ ಕವಿಗಳ ಮೇಲೆ ಬಿತ್ತು. ಕೂಗು ಕೇಳಿ ಮ್ಯಾನೇಜರು ಓಡಿಬಂದರು. ಅಂಟು ಮೆತ್ತಿದ ಕೈಯಲ್ಲೇ ಬೈಂಡಿಂಗಿನವನು ಬಂದ.

“ಏನಾಯ್ತು ರಾಯರೇ? ಮನೇಲಿ ಯಾರಿಗಾದ್ರೂ...?”

“ಹೋಯ್ತು! ಎಲ್ಲಾ ಹೋಯ್ತು!”

“ಏನು ಹೋಯ್ತು?”

“ಚಿ...” ಎಂದರು ರಾಯರು. ನಿಜ ಗಂಟಲವರೆಗೆ ಬಂದು, ಅಲ್ಲಿ ಹೆಂಡತಿಯ ಮುಖ ಕಂಡು, ಹಿಂದಕ್ಕೆ ಸರಿಯಿತು.

“ಚಿ?”

“ಚಿ... ಚಿಕ್ಕದೊಂದು ಹಿತ್ತಾಳೆ ವಾಚು.”

ಮ್ಯಾನೇಜರಿಗೆ ಮೈಯೆಲ್ಲ ಉರಿದುಹೋಯಿತು. “ಇಲ್ಲಿ ಕವಿಗಳೆಲ್ಲ ಕೊಂಬೆಯಿಂದ ಕೊಂಬೆಗೆ ಹಾರ್ತಾ ಕೂತಿದ್ದಾರೆ, ನಿಮಗೆ ಹಿತ್ತಾಳೆ ಚಿಂತೇನಾ?” ಬೈಂಡಿಂಗಿನವನಂತೂ ಕಣ್ಣಲ್ಲಿ ನೀರು ತಂದುಕೊಂಡು ತನ್ನ ಕೈಯ ಪ್ಲಾಸ್ಟಿಕ್ ವಾಚನ್ನೇ ಬಿಚ್ಚಿದ. “ತಗೊಳ್ಳಿ ಸಾರ್. ಹಿತ್ತಾಳೆಗಿಂತ ಇದೇ ಮೇಲು. ನೀರಲ್ಲಿ ಬಿದ್ರೂ ಏನೂ ಆಗಲ್ಲ.”

“ನೀರಲ್ಲಿ ಹಾಕು ಹೋಗು ಅದನ್ನ!” ಎಂದು ರಾಯರು ಕೊಡೆ ಎತ್ತಿಕೊಂಡರು. “ಕಪಿಗಳು ಕಪಿಗಳಾಗೇ ಇರಲಿ ಮ್ಯಾನೇಜರೇ! ಇಷ್ಟು ವರ್ಷ ಓದಿದ್ದೀರಿ, ವ್ಯತ್ಯಾಸ ಗೊತ್ತಾಯ್ತಾ ನಿಮಗೆ?”

ಮಾರನೆಯ ದಿನ ಕೆಲಸಕ್ಕೆ ಬರುವ ಅಗತ್ಯವಿಲ್ಲವೆಂದು ಮ್ಯಾನೇಜರು ಕೂಗಿ ಹೇಳಿದ್ದು ರಸ್ತೆಯ ತಿರುವಿನವರೆಗೂ ಕೇಳಿಸಿತು. ರಾಯರಿಗೆ ಕೇಳಿಸಲಿಲ್ಲ.

ಮೈದಾನದಲ್ಲಿ ಓಟವೆಲ್ಲ ಮುಗಿದು ಸುಣ್ಣದ ಗೆರೆಗಳಷ್ಟೇ ಉಳಿದಿದ್ದವು. ಮಾಸ್ತರು ಗೆದ್ದ ಸೇನಾಪತಿಯಂತೆ ಕುರ್ಚಿಯ ಮೇಲೆ ಕೂತಿದ್ದರು. ರಾಯರನ್ನು ಕಂಡದ್ದೇ ಎದ್ದು ಎರಡೂ ಕೈ ಹಿಡಿದುಕೊಂಡರು.

“ಬನ್ನಿ ಬನ್ನಿ! ಎಂಥ ವಾಚು ಸ್ವಾಮೀ! ಗುಂಡಿ ಒತ್ತಿದ್ರೆ ಬೆಣ್ಣೆ ಕುಯ್ದ ಹಾಗೆ. ಬೆಳಿಗ್ಗೆಯಿಂದ ಅದೆಷ್ಟು ಸಲ ಒತ್ತಿದೆನೋ!”

ಪ್ರತಿ ಒತ್ತು ರಾಯರ ಎದೆಗೆ ಬಿತ್ತು. “ಎಲ್ಲ್ರೀ ಅದು?”

“ಅದೇ ಹೇಳ್ತೀನಿ ಕೇಳಿ. ಬಿರುಸು ನಡಿಗೆ ಸ್ಪರ್ಧೆ ಇತ್ತಲ್ಲ, ಅದರ ಬಹುಮಾನದ ಬಟ್ಟಲನ್ನ ಯಾರೋ ಪುಣ್ಯಾತ್ಮರು ಎತ್ತಿಕೊಂಡು ಹೋಗಿಬಿಟ್ರು. ಗೆದ್ದವರು ಎದುರಿಗೆ ನಿಂತಿದ್ದಾರೆ, ಕೈ ಬರಿದು. ನನ್ನ ಮಾನ ಉಳೀಬೇಕಲ್ಲ? ಹೇಗೂ ಹಿತ್ತಾಳೆ, ಬೇಕಾದ್ರೆ ಇಟ್ಕೊಳ್ಳಿ ಅಂತ ನಿಮ್ಮತ್ತೆ ಅಂದಿದ್ರು. ನಿಮ್ಮ ಹೆಸರು ಹೇಳಿಯೇ ಕೊಟ್ಟೆ ರಾಯರೇ! ಚಪ್ಪಾಳೆಯೋ ಚಪ್ಪಾಳೆ!”

“ಬಹುಮಾನ ಕೊಟ್ರಾ? ನನ್ನ ವಾಚನ್ನ? ಯಾರಪ್ಪನ ಮನೆ ಆಸ್ತಿ ಅಂತ ಕೊಟ್ರಿ?”

“ಒಂದು ಹಿತ್ತಾಳೆ ಚೂರಿಗೆ ಅಪ್ಪನವರೆಗೂ ಹೋಗ್ತೀರಲ್ಲ!” ಮಾಸ್ತರ ಮುಖ ಕೆಂಪಾಯಿತು. “ಹಾಗೆ ಅಷ್ಟೊಂದು ಸಂಕಟ ಆದ್ರೆ ಹೋಗಿ ಅಂಚೆಯಮ್ಮನ್ನೇ ಕೇಳಿ. ಟಪಾಲು ಹಂಚೋದಿದೆ ಅಂತ ಆಗಲೇ ಹೊರಟುಹೋದರು.”

ಬಿರುಸು ನಡಿಗೆಯಲ್ಲಿ ಗೆದ್ದವಳು ಬಡಾವಣೆಯ ಅಂಚೆಯವಳು. ದಿನವಿಡೀ ನಡೆಯುವುದೇ ಅವಳ ಹೊಟ್ಟೆಪಾಡು. ದಿನವಿಡೀ ಕುರ್ಚಿಯಲ್ಲಿ ಕೂರುವುದೇ ಹೊಟ್ಟೆಪಾಡಾಗಿದ್ದ ಮುಳ್ಳುರಾಯರು ಅವಳ ಬೆನ್ನು ಹತ್ತಿದರು. ಒಂದು ಬೀದಿಯ ತುದಿಯಲ್ಲಿ ಅವಳ ಚೀಲ ಕಂಡರೆ, ರಾಯರು ಆ ತುದಿ ಮುಟ್ಟುವುದರೊಳಗೆ ಅವಳು ಮುಂದಿನ ಬೀದಿಯ ತುದಿಯಲ್ಲಿ. “ಅಂಚೆಯಮ್ಮಾ! ನಿಲ್ಲಮ್ಮಾ!” ಎಂದರೆ, ಕೈಯೆತ್ತಿ, “ನಿಮಗೆ ಇವತ್ತು ಏನೂ ಇಲ್ಲ ಸಾರ್!” ಎಂದು ಇನ್ನೂ ಬಿರುಸಾಗುವಳು. ಎತ್ತಿದ ಆ ಕೈಯಲ್ಲೇ ರಾಯರ ಪ್ರಾಣ ಬಿಸಿಲಿಗೆ ಫಳಕ್ಕೆಂದು ಹೊಳೆಯುವುದು.

ಗೇಟಿನಲ್ಲಿ ನಿಂತವರು ಸುಮ್ಮನಿರುತ್ತಾರೆಯೇ? “ಯಾವ ಪತ್ರಕ್ಕೆ ಕಾಯ್ತಿದ್ದೀರಿ ರಾಯರೇ?” ಎಂದರು ಔಷಧದಂಗಡಿಯವರು. “ಕೆಲಸ ಹೋಯ್ತಂತಲ್ಲ, ಹೊಸ ಕೆಲಸದ ಪತ್ರ ಇರಬೇಕು ಪಾಪ,” ಎಂದಳು ಹೊಲಿಗೆಯವಳು. ಕೆಲಸ ಹೋದ ಸುದ್ದಿ ರಾಯರಿಗೆ ಗೊತ್ತಾದದ್ದೇ ಅವಳ ಬಾಯಿಂದ.

“ಪತ್ರವಲ್ಲ ಕಣ್ರೀ! ವಾಚು!”

“ಯಾವ ವಾಚು?”

“ಹಿ...ತ್ತಾಳೆ ವಾಚು!” ಆ ಮಾತನ್ನು ಪ್ರತಿ ಸಲ ಆಡುವಾಗಲೂ ರಾಯರಿಗೆ ಬಿಸಿ ತುತ್ತನ್ನು ಉಗುಳಲಾರದೆ ನುಂಗಿದ ಹಾಗಾಗುತ್ತಿತ್ತು. ಇಷ್ಟು ದೊಡ್ಡ ಕೋಪಕ್ಕೆ ಇಷ್ಟು ಸಣ್ಣ ಕಾರಣ ಹೇಳಬೇಕಾದ ಪಾಡು ಶತ್ರುವಿಗೂ ಬೇಡ. ಹಿತ್ತಾಳೆಗಾಗಿ ಓಡುವ ಹುಚ್ಚನನ್ನು ನೋಡಲು ಔಷಧದಂಗಡಿಯವರು ಅಂಗಡಿ ಬಿಟ್ಟು ಬಂದರು. ಹೊಲಿಗೆಯವಳು ಅಳತೆ ಟೇಪನ್ನು ಕೊರಳಲ್ಲೇ ಬಿಟ್ಟುಕೊಂಡು ಬಂದಳು. ಹಿಂದಿನಿಂದ, ತಮ್ಮ ಅಪ್ಪನ ಹೆಸರೆತ್ತಿದ್ದಕ್ಕೆ ಜವಾಬು ಕೇಳಲೆಂದು ಡ್ರಿಲ್ ಮಾಸ್ತರು ಸೀಟಿ ಊದುತ್ತ ಬಂದರು.

ಹೀಗೆ ಒಂದು ಮೆರವಣಿಗೆಯೇ ರಾಯರ ಸ್ವಂತ ಬೀದಿಗೆ ಬಂದು ಸೇರಿತು. ಅಂಚೆಯವಳು ಅವರ ಮನೆಯ ಮುಂದೆಯೇ, ಅವರದೇ ಪೆಟ್ಟಿಗೆಗೆ ವಿದ್ಯುತ್ ಬಿಲ್ಲು ಹಾಕಲು ನಿಂತಿದ್ದಳು. ರಾಯರು ಗಬಕ್ಕನೆ ಹೋಗಿ ಅವಳ ಚೀಲ ಹಿಡಿದುಕೊಂಡರು.

“ಬಿಚ್ಚು! ಬಿಚ್ಚಮ್ಮಾ ಅದನ್ನ!”

“ಬಹುಮಾನ ಕೊಟ್ಟು ಕಿತ್ಕೊಳ್ತಾರಾ ಯಾರಾದ್ರೂ? ನಾಚಿಕೆ ಆಗಲ್ವಾ ಸಾರ್, ಒಂದು ಹಿತ್ತಾಳೆ ವಾಚಿಗೆ...”

ಬೆಳಗಿನಿಂದ ಒಳಗೊಳಗೇ ಕುದಿದದ್ದು ಆಗ ಮುಚ್ಚಳ ಹಾರಿಸಿತು.

“ಹಿತ್ತಾಳೆ ಅಲ್ಲ ಕಣಮ್ಮಾ!! ಚಿನ್ನ! ಅಪ್ಪಟ ಚಿನ್ನ! ನಿನ್ನ ಅಂಚೆ ಕಚೇರಿ, ಇವರ ಮೈದಾನ, ಆ ದರಿದ್ರ ಅಚ್ಚುಕೂಟ, ಎಲ್ಲಾ ಸೇರಿಸಿ ತೂಗಿದ್ರೂ ಅದರ ಒಂದು ಗುಂಡಿಗೆ ಸಾಟಿಯಿಲ್ಲ!”

ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದವು. ರಾಯರು ನಾಲಿಗೆ ಕಚ್ಚಿಕೊಂಡು ತಿರುಗಿದರೆ, ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಹೆಂಡತಿ ಬಿಳಿಯ ಉಡುಪಿನಲ್ಲಿ ಗೇಟಿನ ಬಳಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಅಂಚೆಯವಳು ಮಾತ್ರ ನಕ್ಕಳು. “ಚಿನ್ನವಾ? ಚಿನ್ನಕ್ಕೆ ಕಿಲುಬು ಬರುತ್ತಾ ಸಾರ್?” ಎಂದು ವಾಚು ಬಿಚ್ಚಿ ಮಣಿಕಟ್ಟನ್ನು ಎಲ್ಲರ ಮುಂದೆ ಹಿಡಿದಳು. ಬೆವರಿನ ಮೇಲೆ ಗುಂಡಗೆ, ಪಾಚಿಯಂಥ ಹಸಿರು ಕಲೆ. ವಾಚಿನ ಬೆನ್ನಿನಲ್ಲೂ ಬಣ್ಣ ಕಿತ್ತು ಅದೇ ಹಸಿರು. “ತಗೊಳ್ಳಿ ನಿಮ್ಮ ಅಪ್ಪಟ ಚಿನ್ನ. ಸೋಪು ಹಾಕಿ ಉಜ್ಜಿದ್ರೂ ಹೋಗ್ತಿಲ್ಲ.”

ಔಷಧದಂಗಡಿಯವರು ಮೂಗಿನ ತುದಿಗೆ ಹಿಡಿದು ನೋಡಿ, “ಹಿತ್ತಾಳೆ. ಸಂಶಯವೇ ಇಲ್ಲ,” ಎಂದರು. ಬೀದಿ ಹೋ ಎಂದು ನಕ್ಕಿತು.

ರಾಯರ ಕಣ್ಣು ಕತ್ತಲೆಗಟ್ಟಿತು. ಮರುಕ್ಷಣ ಆ ಕತ್ತಲೆಯಲ್ಲಿ ಮಿಂಚೊಂದು ಹೊಳೆದು ಮಾಸ್ತರ ಮೇಲೆ ಬಿತ್ತು. “ಬದಲಾಯಿಸಿದ್ದಾನೆ! ನನ್ನ ಚಿನ್ನದ್ದನ್ನ ನುಂಗಿ ಹಿತ್ತಾಳೆ ಕೊಟ್ಟಿದ್ದಾನೆ! ಕಳ್ಳ! ಸೀಟಿ ಕಳ್ಳ! ಕರೀರಿ ಪೊಲೀಸರನ್ನ!”

“ಕರೆಸಿ! ಈಗಲೇ ಕರೆಸಿ!” ಮಾಸ್ತರು ತೋಳು ಮಡಚಿದರು. “ಇವತ್ತು ಇತ್ಯರ್ಥ ಆಗದೆ ನಾನು ಈ ಗೇಟು ಬಿಟ್ಟು ಕದಲೋನಲ್ಲ!”

ಹೆಂಡತಿ ಆ ವಾಚನ್ನು ಚೀಲಕ್ಕೆ ಹಾಕಿಕೊಂಡು, ರಾಯರ ರಟ್ಟೆ ಹಿಡಿದು, ಮೇಲೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಕೂತ್ಕೊಳ್ಳಿ.”

“ಕೂರೋ ಹೊತ್ತಲ್ಲ ಇದು ಕಣೇ! ನಿನ್ನ ಹತ್ರ ಸುಳ್ಳು ಹೇಳಿದ್ದೆ, ತಪ್ಪಾಯ್ತು. ಐದೂ ಚಿನ್ನ! ಆ ಮಾಸ್ತರು ಬದಲಾಯಿಸಿಬಿಟ್ಟ. ಪೊಲೀಸರಿಗೆ...”

“ಪೊಲೀಸರು ಬಂದ್ರೆ ನನ್ನನ್ನೇ ಕರ್ಕೊಂಡು ಹೋಗ್ಬೇಕಾಗುತ್ತೆ.”

ರಾಯರು ಕೂತರು.

“ಹೋದ ವರ್ಷ ಅಚ್ಚುಕೂಟದ ಕೆಲಸ ಅಂತ ಪರವೂರಿಗೆ ಹೋದಾಗ ಕೀಲಿಗೊಂಚಲು ಮರೆತು ಹೋಗಿದ್ರಿ,” ಎಂದಳು ಅವಳು, ರೋಗಿಗೆ ಔಷಧದ ಹೊತ್ತು ಹೇಳುವ ದನಿಯಲ್ಲಿ. “ಪಾಪ, ಹಿತ್ತಾಳೆ ವಾಚನ್ನೇ ಮಗು ಥರ ಮುದ್ದಾಡ್ತಾರೆ, ಬರೋದ್ರೊಳಗೆ ಒಂದಕ್ಕಾದ್ರೂ ಚಿನ್ನದ ನೀರು ಹಾಕಿಸಿಟ್ರೆ ಖುಷಿಪಡ್ತಾರೆ ಅಂತ ಅಕ್ಕಸಾಲಿ ಹತ್ರ ತಗೊಂಡು ಹೋದೆ. ಆತ ನಕ್ಕೂ ನಕ್ಕೂ ಕೆಮ್ಮಿದ. ಚಿನ್ನಕ್ಕೆ ಚಿನ್ನದ ನೀರೇನಮ್ಮಾ ಅಂದ. ಅಂಗಡಿ ತುಂಬ ಜನ ಇದ್ರು. ಎಲ್ಲ ನನ್ನ ಮುಖ ನೋಡಿದ್ರು.”

ರಾಯರು ಕೂತಲ್ಲಿಂದಲೇ ಬೀರುವಿನ ಕೋಣೆಯ ಕಡೆ ತಿರುಗಿದರು.

“ಅವತ್ತು ನನಗೆ ಬಂದ ಕೋಪದ ಮುಂದೆ ನಿಮ್ಮ ಕೋಪ ಮಕ್ಕಳಾಟ. ನೀವು ಕೂಗ್ತೀರಿ. ನಾನು ಕೂಗಲಿಲ್ಲ, ಮಾಡಿಸಿಬಿಟ್ಟೆ. ಒಳಗಿನ ಯಂತ್ರ ನಿಮ್ಮದೇ. ಮೇಲಿನ ಕವಚ ಹಿತ್ತಾಳೇದು, ಅದರ ಮೇಲೆ ತೆಳ್ಳಗೆ ಒಂದು ಕೋಟು ಚಿನ್ನದ ನೀರು. ಒಂದು ದಿನ ಕೈಗೆ ಕಟ್ಟಿದ್ರೆ ಗೊತ್ತಾಗಿಬಿಡುತ್ತೆ, ಆಗ ನನ್ನ ಹತ್ರ ಬಂದು ಕೇಳ್ತಾರೆ, ಆಗ ನಾನೂ ಒಂದು ಮಾತು ಕೇಳೋಣ ಅಂತ ಕಾದೆ. ಗವುಸು ಹಾಕ್ಕೊಂಡು ಮುಟ್ಟೋರಿಗೆ ಏನು ಗೊತ್ತಾಗುತ್ತೆ?”

“ಹಗುರ ಅನಿಸ್ತಿತ್ತು,” ಎಂದರು ರಾಯರು ಕ್ಷೀಣವಾಗಿ. “ನನ್ನ ಕೈಗೇ ಬಲ ಬಂದಿದೆ ಅಂದ್ಕೊಂಡೆ. ಚಿನ್ನ ಎಲ್ಲಿ?”

ಅವಳು ಕೊರಳಪಟ್ಟಿ ಸರಿಸಿದಳು. ಕೆಂಪು ಛಾಯೆಯ ಚಿನ್ನದ ದಪ್ಪ ಸರವೊಂದು ಎದೆಯ ಮೇಲೆ ನಿಶ್ಚಿಂತೆಯಿಂದ ಮಲಗಿತ್ತು. “ವರ್ಷದಿಂದ ಇಲ್ಲೇ ಇದೆ. ಕೇಳಿದೋರಿಗೆಲ್ಲ ಹಿತ್ತಾಳೆ ಅಂತಲೇ ಹೇಳಿದ್ದೀನಿ. ನೀವೊಬ್ಬರೇ ಕೇಳಲಿಲ್ಲ.”

ರಾಯರು ಕೊನೆಯ ಹುಲ್ಲುಕಡ್ಡಿ ಹಿಡಿದರು. “ಆ ದೊಡ್ಡದೊಂದೇ ತಾನೇ ಮಾಡಿಸಿದ್ದು? ಉಳಿದ ನಾಲ್ಕು...?”

“ನೀವು ‘ಇದು ಹಿತ್ತಾಳೆ’ ಅಂದಿದ್ರೆ ಒಂದನ್ನೇ ಮಾಡಿಸ್ತಿದ್ದೆ. ‘ಇವೆಲ್ಲ’ ಅಂದ್ರಿ. ಬಹುವಚನ. ಕಟ್ಟಿಕೊಂಡ ಗಂಡನ ಮಾತು ಸುಳ್ಳಾಗಬಾರದಲ್ಲ.”

ಕೆಳಗೆ ಸೀಟಿ ಮೊಳಗಿತು. “ಎಲ್ಲಿ ರಾಯರು? ಹೊರಗೆ ಬರಲಿ! ಚಿನ್ನವೋ ಹಿತ್ತಾಳೆಯೋ ಬೀದಿಯ ಮುಂದೆ ಹೇಳಲಿ!”

ರಾಯರು ಎದ್ದು ಕಟಕಟೆಗೆ ಹೋದರು. ಕೆಳಗೆ ಇಡೀ ಬೀದಿ ತಲೆಯೆತ್ತಿ ನಿಂತಿತ್ತು.

“ಹಿತ್ತಾಳೆ,” ಎಂದರು.

“ಕೇಳಿಸಲಿಲ್ಲ!”

ಬೆಳಗಿನಿಂದ ಕೂಡಿಟ್ಟ ಕೋಪವನ್ನೆಲ್ಲ ಒಟ್ಟುಮಾಡಿ ರಾಯರು ಗಂಟಲು ಹರಿಯುವಂತೆ ಕೂಗಿದರು: “ಹಿತ್ತಾಳೆ! ಎಲ್ಲಾ ಹಿತ್ತಾಳೆ! ಮಾಸ್ತರು ಕಳ್ಳರಲ್ಲ!”

ಚಪ್ಪಾಳೆ ಬಿತ್ತು. ಮಾಸ್ತರು ದೊಡ್ಡ ಮನಸ್ಸಿನವರು, ಅಲ್ಲಿಗೇ ಎಲ್ಲವನ್ನೂ ಮರೆತರು. “ಆಯ್ತು ಬಿಡಿ ರಾಯರೇ, ಸಿಟ್ಟಿನಲ್ಲಿ ಆಡಿದ ಮಾತು. ಇನ್ನೂ ನಾಲ್ಕಿವೆ ಅಂತ ನಿಮ್ಮತ್ತೆ ಹೇಳ್ತಿದ್ರು. ಹೇಗೂ ಹಿತ್ತಾಳೆ, ಮುಂದಿನ ಸ್ಪರ್ಧೆಗೆ ಬಹುಮಾನಕ್ಕೆ ಕೊಟ್ಟುಬಿಡಿ. ಬಡಾವಣೆಯ ಕಡೆಯಿಂದ ನಿಮಗೊಂದು ಸನ್ಮಾನ ಮಾಡೋಣ!”

ರಾಯರು ತಿರುಗಿ ನೋಡಿದರು. ಬಾಗಿಲಿಗೆ ಒರಗಿ, ಸರದ ಎಳೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಹೆಂಡತಿ ನಿಂತಿದ್ದಳು.

“ಪಾಪ, ಅಷ್ಟು ಜನ ಕೇಳ್ತಿದ್ದಾರೆ,” ಎಂದಳು. “ಕೊಟ್ಟುಬಿಡೀಂದ್ರೆ.”